ಗೀಳು: ಚರಕನಿಂದ ತಾಲ್ಲೂಕು ಆಸ್ಪತ್ರೆಯವರೆಗೆ

ಹತ್ತು ಸಲ ತೊಳೆದರೂ ಕೈ ಇನ್ನೂ ಕೊಳಕೆಂಬ ಅಳುಕು. ಹಾಕಿದ ಚಿಲಕವನ್ನೇ ಮತ್ತೆ ಮತ್ತೆ ಎಳೆದು ನೋಡುವ ಒತ್ತಡ. ದೇವರ ಮುಂದೆ ಕೈಮುಗಿದು ನಿಂತಾಗಲೇ ನುಗ್ಗಿ ಬರುವ ಕೆಟ್ಟ ಯೋಚನೆ. ಇದಕ್ಕೆ ಅರ್ಥವಿಲ್ಲವೆಂಬುದು ಬಹುತೇಕ ಅನುಭವಿಸುವವರಿಗೇ ಗೊತ್ತು, ಆದರೂ ಬಿಡಲಾಗದು. ವೈದ್ಯರು ಒಸಿಡಿ ಎನ್ನುವ ಈ ಕಾಯಿಲೆಗೆ ಕನ್ನಡದಲ್ಲಿ ‘ಗೀಳು ಮನೋರೋಗ’ ಎಂಬ ಹೆಸರು ನೆಲೆಗೊಂಡಿದೆ. ‘ಅತಿ ಮಡಿ’, ‘ಸಂಶಯದ ಸ್ವಭಾವ’ ಎಂದು ಸುತ್ತಲಿನವರು ನಕ್ಕು ಸುಮ್ಮನಾಗುವುದೇ ಹೆಚ್ಚು. ಹೀಗಾಗಿ ರೋಗಿ ವೈದ್ಯರ ಬಳಿ ಬರುವಷ್ಟರಲ್ಲಿ ಎಷ್ಟೋ ವರ್ಷಗಳು ಕಳೆದಿರುತ್ತವೆ.

ಮನಸ್ಸು ಸಲ್ಲದ್ದಕ್ಕೆ ಅಂಟಿಕೊಳ್ಳುವ ಬಗ್ಗೆ ನಮ್ಮ ಹಿಂದಿನವರು ಯೋಚಿಸಿರಲಿಲ್ಲ ಎನ್ನಲಾಗದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಅಪಸ್ಮಾರದ ಅಧ್ಯಾಯದಲ್ಲೇ ‘ಅತತ್ತ್ವಾಭಿನಿವೇಶ’ ಎಂಬ ಮಹಾರೋಗದ ವರ್ಣನೆಯಿದೆ. ಅದಕ್ಕೆ ಶೋಧನ, ಬ್ರಾಹ್ಮೀರಸ, ಪಂಚಗವ್ಯ ಘೃತಗಳನ್ನು ಹೇಳಿದ ಮೇಲೆ, ನಂಬಿಕಸ್ಥ ಗೆಳೆಯರು ರೋಗಿಗೆ ತಿಳಿವು, ಧೈರ್ಯ, ಸ್ಮೃತಿ, ಏಕಾಗ್ರತೆಗಳನ್ನು ತುಂಬಬೇಕೆಂದೂ ಸೂಚಿಸಲಾಗಿದೆ. ಮದ್ದು ಮತ್ತು ಮಾತು ಎರಡೂ ಬೇಕೆಂಬ ತಿಳಿವಳಿಕೆ ಇದು. ಕೆಲವು ಆಯುರ್ವೇದ ವಿದ್ವಾಂಸರು ಇದನ್ನೇ ಇಂದಿನ ಗೀಳುರೋಗವೆಂದು ಗುರುತಿಸುತ್ತಾರೆ. ಆದರೆ ಎರಡೂ ಪೂರ್ತಿ ಒಂದೇ ಅಲ್ಲ. ಅತತ್ತ್ವಾಭಿನಿವೇಶದಲ್ಲಿ ರೋಗಿ ತಪ್ಪನ್ನೇ ಸರಿಯೆಂದು ನಂಬುತ್ತಾನೆ. ಗೀಳಿನಲ್ಲಿ ಸಾಮಾನ್ಯವಾಗಿ ತಪ್ಪೆಂದು ತಿಳಿದೂ ಸೋಲುತ್ತಾನೆ.

ಪಶ್ಚಿಮದಲ್ಲಿ ಫ್ರಾನ್ಸಿನ ವೈದ್ಯ ಎಸ್ಕಿರೋಲ್ 1838ರ ತನ್ನ ಗ್ರಂಥದಲ್ಲಿ ಇಂಥ ರೋಗಿಯೊಬ್ಬಳನ್ನು ವಿವರಿಸಿದ. ಆದರೆ ಬಿಡುಗಡೆಯ ದಾರಿ ಕಾಣಲು ಇನ್ನೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಹೊಸ ಕ್ರಮವೊಂದನ್ನು ಪ್ರಕಟಿಸಿದರು. ರೋಗಿ ಹೆದರುವ ವಸ್ತುವನ್ನು ಮುಟ್ಟಬೇಕು, ಮುಟ್ಟಿದ ಮೇಲೆ ಕೈ ತೊಳೆಯದೆ ಇರಬೇಕು. ಮೊದಲು ಆತಂಕ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಅನಾಹುತವಾಗಲಿಲ್ಲವೆಂದು ಮನಸ್ಸು ಕಲಿಯುತ್ತದೆ. ಅದೇ ದಶಕದ ಕೊನೆಗೆ ಕ್ಲೋಮಿಪ್ರಮಿನ್ ಎಂಬ ಔಷಧಿ ಗೀಳಿಗೆ ಉಪಯುಕ್ತವೆಂದು ಕಂಡುಬಂತು. ಮಿದುಳಿನ ಸೆರೊಟೊನಿನ್ ಮೇಲೆ ಕೆಲಸ ಮಾಡುವ ಫ್ಲೂಆಕ್ಸೆಟಿನ್‌ನಂಥ ಔಷಧಿಗಳು ಅನಂತರ ಬಂದವು.

ಕನ್ನಡ ನಾಡಿನಲ್ಲಿ ಈ ದಾರಿಗಳು ಸಂಧಿಸಿದ್ದು ಬೆಂಗಳೂರಿನಲ್ಲಿ. 19ನೇ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಗೀಳು ರೋಗಿಗಳಿಗಾಗಿ ರೂಪಿಸಿದ ಯೋಗಾಭ್ಯಾಸದ ಕ್ರಮವೊಂದನ್ನು ಅಲ್ಲಿನ ತಜ್ಞರು ಸಣ್ಣ ಗುಂಪಿನ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. 2019ರಲ್ಲಿ ಯೋಗ, ಆಯುರ್ವೇದಗಳನ್ನು ಆಧುನಿಕ ಚಿಕಿತ್ಸೆಯೊಡನೆ ಬೆಸೆಯುವ ಸಮಗ್ರ ವೈದ್ಯ ವಿಭಾಗವೂ ತೆರೆಯಿತು.

ರಾಯಚೂರು ಸೀಮೆಗೆ ಬೆಂಗಳೂರು ಹತ್ತಿರದ್ದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಬೆಂಗಳೂರಿನ ಆಸ್ಪತ್ರೆ ಮೈಸೂರಿಗೂ, ಧಾರವಾಡದ್ದು ಮುಂಬೈ ಪ್ರಾಂತ್ಯಕ್ಕೂ ಸೇರಿತ್ತು. 1956ರ ಏಕೀಕರಣ ಇವೆಲ್ಲವನ್ನೂ ಒಂದೇ ರಾಜ್ಯದೊಳಗೆ ತಂದಿತು. ದಾರಿಯ ದೂರವೇನೂ ಕಡಿಮೆಯಾಗಲಿಲ್ಲ. ರೋಗಿ ಆಸ್ಪತ್ರೆಗೆ ಹೋಗುವ ಬದಲು ಚಿಕಿತ್ಸೆಯೇ ಊರಿಗೆ ಬರಬೇಕೆಂಬ ಪ್ರಯೋಗ ನಡೆದದ್ದು ಸಿಂಧನೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. 2014ರಲ್ಲಿ ಕರ್ನಾಟಕ ಸರ್ಕಾರದ ‘ಮನೋಚೈತನ್ಯ’ ಯೋಜನೆ, ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಟು ಮಾಡಿತು. 2022ರಿಂದ ‘ಟೆಲಿ ಮಾನಸ್’ನ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು.

ಆದರೂ ಒಂದು ತೊಡಕು ಉಳಿದಿದೆ. ಊರಿನ ಕಣ್ಣಿಗೆ ಬೀಳುವುದು ಕೂಗಾಡುವ, ಮನೆ ಬಿಟ್ಟು ಹೋಗುವ ರೋಗಿ. ಗೀಳಿನವರು ಹೊಲದ ಕೆಲಸವನ್ನೋ ಅಂಗಡಿಯ ವ್ಯಾಪಾರವನ್ನೋ ಹೇಗೋ ನಡೆಸಿಕೊಂಡು, ಸಂಕಟವನ್ನು ಮುಚ್ಚಿಡುತ್ತಾರೆ. ಕೇಳದೆ ಇದ್ದರೆ ಈ ರೋಗ ಗೊತ್ತಾಗುವುದಿಲ್ಲ.

ಸಮಗ್ರ ಚಿಕಿತ್ಸೆ ಎಂದರೆ ಎಲ್ಲವನ್ನೂ ಒಟ್ಟಿಗೆ ಕಲಸಿ ಕುಡಿಸುವುದಲ್ಲ. ಎದುರಿಸುವ ಅಭ್ಯಾಸ ಮತ್ತು ಔಷಧಿ ಅದರ ಎರಡು ಕಂಬಗಳು. ಔಷಧಿಯ ಪೂರ್ಣ ಪರಿಣಾಮ ತಿಳಿಯಲು ಹತ್ತು-ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೇ ಬೇಸತ್ತು ಬಿಡಬಾರದು. ಯೋಗ ಇವಕ್ಕೆ ಊರೆಗೋಲಾಗಬಲ್ಲುದು, ಬದಲಿಯಾಗಲಾರದು. ಎಣಿಕೆ ತಪ್ಪಿತೆಂದು ಪ್ರಾಣಾಯಾಮವನ್ನು ಮೊದಲಿಂದ ಶುರುಮಾಡಿದರೆ ಅದೂ ಹೊಸ ಗೀಳೇ. ಆಯುರ್ವೇದದ ಮದ್ದು ತೆಗೆದುಕೊಳ್ಳುತ್ತಿದ್ದರೆ ಮನೋವೈದ್ಯರಿಗೆ ಹೇಳಬೇಕು.

ಮನೆಯವರ ಪಾಲೂ ದೊಡ್ಡದು. ‘ಚಿಲಕ ಹಾಕಿದೆ, ಹಾಕಿದೆ’ ಎಂದು ಇಪ್ಪತ್ತು ಸಲ ಭರವಸೆ ಕೊಡುವುದು ಪ್ರೀತಿಯಿಂದಲೇ ಆದರೂ ಗೀಳಿಗೆ ಮೇವು. ಬೈಯದೆ, ಗೇಲಿ ಮಾಡದೆ, ವೈದ್ಯರ ಸಲಹೆಯಂತೆ ಆ ಭರವಸೆಯನ್ನು ಮೆಲ್ಲಗೆ ಕಡಿಮೆ ಮಾಡಬೇಕು. ಅತತ್ತ್ವಾಭಿನಿವೇಶಕ್ಕೆ ಚರಕ ಹೇಳಿದ ನಂಬಿಕಸ್ಥ ಗೆಳೆಯನ ಕೆಲಸ ಇಲ್ಲಿಗೂ ಒಪ್ಪುತ್ತದೆ: ರೋಗಿಯ ಭಯಕ್ಕೆ ತಾನೂ ತಲೆಬಾಗದೆ ಧೈರ್ಯ ತುಂಬುವುದು, ಮಂಗಳವಾರ ಜೊತೆಗೂಡಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದು.