ಗಡಿಯಾಚೆಯ ಚೆಕ್ ಬೌನ್ಸ್ ಆದರೆ ದೂರು ಎಲ್ಲಿ?

ಆದೋನಿಯ ಹತ್ತಿ ವ್ಯಾಪಾರಿಗೆ ಬಳ್ಳಾರಿಯ ಗಿರಾಕಿ ಕೊಟ್ಟ ಚೆಕ್ ಹಣವಿಲ್ಲದೆ ವಾಪಸು ಬಂದರೆ ಯಾವ ಊರಿನ ಕೋರ್ಟಿಗೆ ಹೋಗಬೇಕು? 2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚೆಕ್ ಕೊಟ್ಟವರ ಬ್ಯಾಂಕ್ ಶಾಖೆ ಇರುವ ಊರಿನಲ್ಲೇ ದೂರು ಸಲ್ಲಿಸಬೇಕು ಎಂದಿತ್ತು. ಹಣ ಕಳೆದುಕೊಂಡವರೇ ರಾಜ್ಯ ದಾಟಿ ಅಲೆಯಬೇಕಾಯಿತು. 2015ರ ತಿದ್ದುಪಡಿ ಇದನ್ನು ಬದಲಿಸಿತು. ಚೆಕ್ಕನ್ನು ಖಾತೆಗೆ ಹಾಕಿದ್ದರೆ, ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿಗೇ ಈಗ ಅಧಿಕಾರ. ಚೆಕ್ಕನ್ನು ಬ್ಯಾಂಕಿನ ಯಾವ ಶಾಖೆಯಲ್ಲಿ ಕೊಟ್ಟರೂ ಲೆಕ್ಕಕ್ಕೆ ಬರುವುದು ಖಾತೆ ಇರುವ ಶಾಖೆ. ಆದೋನಿಯಲ್ಲಿ ಖಾತೆ ಇದ್ದರೆ ಆದೋನಿಯಲ್ಲೇ ದೂರು. ಗಿರಾಕಿಯ ಬ್ಯಾಂಕಿನ ಕೌಂಟರಿನಲ್ಲೇ ನಗದು ಕೇಳಿದ್ದರೆ ಮಾತ್ರ ಬಳ್ಳಾರಿ.

ಕೇಸು ಕೆಡುವುದು ಗಡುವಿನಲ್ಲಿ. ಚೆಕ್ ಬರೆದ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿ 15 ದಿನವಾದರೂ ಹಣ ಬಾರದಿದ್ದರೆ, ಆಮೇಲಿನ ಒಂದು ತಿಂಗಳೊಳಗೆ ದೂರು. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಬಹುದು, ನೋಟಿಸಿಗೆ ಆ ಅವಕಾಶವಿಲ್ಲ.

ನೋಟಿಸಿನಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು. ತಪ್ಪಿದರೆ ನೋಟಿಸೇ ಅಸಿಂಧು, ಟೈಪಿಂಗ್ ದೋಷ ಎಂಬ ನೆಪವೂ ನಡೆಯದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಹೇಳಿದೆ. ಬಡ್ಡಿ, ನೋಟಿಸು ಖರ್ಚು ಕೇಳುವುದಿದ್ದರೆ ಬೇರೆಯಾಗಿ ಬರೆಯಿರಿ. ತಪ್ಪು ಸಾಬೀತಾದರೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ವಿಚಾರಣೆ ನಡೆಯುತ್ತಿರುವಾಗಲೇ 20 ಶೇಕಡಾದವರೆಗೆ ಮಧ್ಯಂತರ ಪರಿಹಾರ ಕೇಳಲು 2018ರ ತಿದ್ದುಪಡಿಯಲ್ಲಿ ದಾರಿಯಿದೆ. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ.