ಫೋಟೊ ಶಾಯಿ: ಹೆಸರು, ಬೆಲೆ ಮತ್ತು ಬಾಳಿಕೆ

ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇಟ್ಟುಕೊಂಡವರಿಗೆ ಈ ಅನುಭವ ಆಗಿರಬಹುದು. ಒಂದಷ್ಟು ಫೋಟೊ ಮುದ್ರಿಸುವಷ್ಟರಲ್ಲಿ ಶಾಯಿಯ ಕಾರ್ಟ್ರಿಜ್ ಬರಿದಾಗುತ್ತದೆ. ಅಂಗಡಿಗೆ ಹೋದರೆ ಪ್ರಿಂಟರ್ ಕಂಪೆನಿಯದೇ ಶಾಯಿಗೆ ಒಂದು ಬೆಲೆ, ಅದೇ ಪ್ರಿಂಟರಿಗೆ ಹೊಂದುತ್ತದೆ ಎನ್ನುವ ಬೇರೆ ಶಾಯಿಗೆ ಅದಕ್ಕಿಂತ ಬಹಳ ಕಡಿಮೆ ಬೆಲೆ. ಮುದ್ರಿಸಿದ ದಿನ ಎರಡರ ಚಿತ್ರವೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಹಾಗಾದರೆ ನಾವು ಹೆಚ್ಚು ಹಣ ತೆರುವುದು ಹೆಸರಿಗೋ, ಗುಣಕ್ಕೋ?

ಉತ್ತರ ತಿಳಿಯುವುದು ಮುದ್ರಿಸಿದ ದಿನವಲ್ಲ, ಕೆಲವು ವರ್ಷಗಳ ನಂತರ. ಅಜ್ಜ-ಅಜ್ಜಿಯ ಮದುವೆಯ ಕಪ್ಪು-ಬಿಳುಪು ಫೋಟೊ ಗೋಡೆಯ ಮೇಲೆ ಇನ್ನೂ ಸ್ಪಷ್ಟವಾಗಿರುವುದನ್ನು ನೀವು ನೋಡಿರುತ್ತೀರಿ. ಅದರ ಚಿತ್ರ ಮೂಡಿರುವುದು ಬೆಳ್ಳಿಯ ಸೂಕ್ಷ್ಮ ಕಣಗಳಿಂದ. ನಮ್ಮ ಪ್ರಿಂಟರಿನ ಚಿತ್ರ ಮೂಡುವುದು ಶಾಯಿಯ ಹನಿಗಳಿಂದ. ಆ ಹನಿಯ ಚರಿತ್ರೆ ತಿಳಿದರೆ ಆಯ್ಕೆ ಸುಲಭವಾಗುತ್ತದೆ.

ಹನಿ ಹಾರಿಸುವ ವಿದ್ಯೆ

ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ ನೋಡಿ. ಸಣ್ಣ ನೀರಿನ ಧಾರೆ ಕೆಳಗೆ ಬರುತ್ತಾ ಹನಿಗಳಾಗಿ ಒಡೆಯುತ್ತದೆ. ಮೇಲ್ಮೈ ಕರ್ಷಣದಿಂದ ಆಗುವ ಈ ಕ್ರಿಯೆಗೆ 1878ರಲ್ಲಿ ಗಣಿತದ ವಿವರಣೆ ನೀಡಿದವನು ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರ‍್ಯಾಲೆ. ಅದನ್ನು ಬರವಣಿಗೆಗೆ ಬಳಸಿದ ಮೊದಲಿಗರಲ್ಲಿ ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಒಬ್ಬ. ವೈದ್ಯಕೀಯ ಸಂಕೇತಗಳನ್ನು ಶಾಯಿಯ ಸಣ್ಣ ಧಾರೆಯಿಂದ ಕಾಗದದ ಮೇಲೆ ದಾಖಲಿಸುವ ಉಪಕರಣಕ್ಕೆ 1951ರಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ದೊರೆಯಿತು. 1958ರಲ್ಲಿ ದೇಹದೊಳಗೆ ಇರಿಸಿದ ಮೊದಲ ಪೇಸ್‌ಮೇಕರ್ ರೂಪಿಸಿದವನೂ ಇವನೇ.

ಬೇಕಾದಾಗ ಮಾತ್ರ ಒಂದೊಂದೇ ಹನಿ ಹಾರಿಸುವ ಉಪಾಯ ಬೆಳೆದದ್ದು 1970ರ ದಶಕದಲ್ಲಿ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಶಾಯಿ ತುಂಬಿದ್ದ ಸಿರಿಂಜಿನ ಸೂಜಿಗೆ ಬಿಸಿ ಸೋಲ್ಡರಿಂಗ್ ಕಡ್ಡಿ ತಗಲಿ ಶಾಯಿ ಚಿಮ್ಮಿತಂತೆ. ಅದನ್ನು ಗಮನಿಸಿದ ಇಚಿರೊ ಎಂಡೊ ಬಿಸಿಗುಳ್ಳೆಯ ತತ್ವವನ್ನು ಬೆಳೆಸಿದರು. ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಜಾನ್ ವಾಟ್ ಸ್ವತಂತ್ರವಾಗಿ ಇದೇ ದಾರಿ ಹಿಡಿದರು. ಈ ಬಗೆಯ ಪ್ರಿಂಟರಿನಲ್ಲಿ ಪುಟ್ಟ ವಿದ್ಯುತ್ ರೋಧಕವೊಂದು ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಕಾಯುತ್ತದೆ. ಅದಕ್ಕೆ ತಾಗಿದ ಶಾಯಿ ಆವಿಯ ಗುಳ್ಳೆಯಾಗಿ ಉಬ್ಬಿ ಮುಂದಿನ ಶಾಯಿಯನ್ನು ರಂಧ್ರದಿಂದ ಹೊರದಬ್ಬುತ್ತದೆ. ಎಪ್ಸನ್ ಹಿಡಿದ ದಾರಿ ಬೇರೆ. ವಿದ್ಯುತ್ ಹಾಯಿಸಿದಾಗ ಆಕಾರ ಬದಲಿಸುವ ಪೀಜೊ ವಸ್ತು ಅಲ್ಲಿ ಶಾಯಿಯನ್ನು ಒತ್ತುತ್ತದೆ, ಕಾಯಿಸುವ ಅಗತ್ಯವಿಲ್ಲ.

ಫೋಟೊ ಪ್ರಿಂಟರಿನ ಒಂದು ಹನಿ 2 ಪಿಕೋಲೀಟರಿನಷ್ಟು ಚಿಕ್ಕದಿರಬಹುದು. ಹಾಗಿದ್ದರೆ ಒಂದು ಮಿಲಿಲೀಟರಿನಲ್ಲಿ ಎಷ್ಟು ಹನಿ? ಲೆಕ್ಕ ಹಾಕಿ ನೋಡಿ: 50 ಕೋಟಿ. ಪ್ರತಿ ಹನಿಯೂ ಒಂದೇ ಗಾತ್ರದಲ್ಲಿ, ಒಂದೇ ವೇಗದಲ್ಲಿ ಹಾರಬೇಕು. ಆದ್ದರಿಂದ ಶಾಯಿಯ ಸ್ನಿಗ್ಧತೆ, ಮೇಲ್ಮೈ ಕರ್ಷಣ, ಆರುವ ವೇಗ ಎಲ್ಲವೂ ಆಯಾ ಪ್ರಿಂಟರಿನ ಮುದ್ರಣ ತಲೆಗೆ ಹೊಂದಿರಬೇಕು.

ಪ್ರಿಂಟರ್ ಅಗ್ಗ, ಶಾಯಿ ದುಬಾರಿ

1984ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಥಿಂಕ್‌ಜೆಟ್ ಎಂಬ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಆ ವರೆಗಿನ ಯಂತ್ರಗಳಲ್ಲಿ ಒಣಗಿದ ಶಾಯಿ ರಂಧ್ರಗಳಲ್ಲಿ ಕಟ್ಟಿಕೊಳ್ಳುವುದೇ ದೊಡ್ಡ ತೊಂದರೆ. ಇದರಲ್ಲಿ ಮುದ್ರಣ ತಲೆ ಮತ್ತು ಶಾಯಿ ಒಂದೇ ಡಬ್ಬಿಯಲ್ಲಿದ್ದವು. ಶಾಯಿ ಮುಗಿದೊಡನೆ ತಲೆಯನ್ನೂ ಎಸೆದು ಹೊಸದನ್ನು ಹಾಕಬಹುದಿತ್ತು. ತಾಂತ್ರಿಕ ತೊಡಕಿಗೆ ಕಂಡುಕೊಂಡ ಈ ಪರಿಹಾರವೇ ಮುಂದೆ ವ್ಯಾಪಾರದ ಸೂತ್ರವಾಯಿತು. 1990ರ ದಶಕದಲ್ಲಿ ಪ್ರಿಂಟರುಗಳ ಬೆಲೆ ಇಳಿಯುತ್ತಾ ಹೋಯಿತು. ಲಾಭ ಕಾರ್ಟ್ರಿಜ್‌ಗಳಿಂದ ಬರತೊಡಗಿತು. ನಿಮ್ಮ ಕಾರ್ಟ್ರಿಜ್‌ನ ಬೆಲೆಯಲ್ಲಿ ಶಾಯಿಯ ಜೊತೆಗೆ ಸಂಶೋಧನೆಯ ವೆಚ್ಚ, ಅಗ್ಗವಾಗಿ ಮಾರಿದ ಪ್ರಿಂಟರಿನ ಪಾಲು ಎರಡೂ ಸೇರಿರುತ್ತವೆ. ಇದೇ ಅಂತರದಲ್ಲಿ ರೀಫಿಲ್ ಅಂಗಡಿಗಳೂ ಬೇರೆ ತಯಾರಕರ ಶಾಯಿಗಳೂ ಹುಟ್ಟಿಕೊಂಡವು.

2000ದ ಎರಡು ಪಾಠಗಳು

ದುಬಾರಿ ಶಾಯಿ ಬಾಳುತ್ತದೆ, ಅಗ್ಗದ್ದು ಮಾಸುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ 2000ನೇ ವರ್ಷದ ಎರಡು ಘಟನೆಗಳು ಅಷ್ಟು ಸರಳವಾಗಿ ಹೇಳಲು ಬಿಡುವುದಿಲ್ಲ.

ಆ ವರ್ಷ ಎಪ್ಸನ್ ಕಂಪೆನಿಯ ಸ್ಟೈಲಸ್ ಫೋಟೊ 870 ಮತ್ತು 1270 ಪ್ರಿಂಟರುಗಳು ಮನೆಯ ಫೋಟೊ ಮುದ್ರಣಕ್ಕೆ ಹೆಸರಾದವು. ಆದರೆ ಕಂಪೆನಿಯದೇ ಶಾಯಿ, ಕಂಪೆನಿಯದೇ ಹೊಳಪು ಕಾಗದ ಬಳಸಿದ ಕೆಲವರ ಚಿತ್ರಗಳು ಸ್ವಲ್ಪ ಕಾಲದಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಎಲ್ಲರ ಮನೆಯಲ್ಲೂ ಹೀಗಾಗಲಿಲ್ಲ. ಬಿಸಿಲಿಗೆ ಇಡದ ಚಿತ್ರಗಳೂ ಕೆಟ್ಟವು. ಬಾಳಿಕೆಯ ಅಂದಾಜು ನಿಂತಿದ್ದುದು ಪ್ರಖರ ಬೆಳಕಿನ ಪರೀಕ್ಷೆಗಳ ಮೇಲೆ. ಚಿತ್ರವನ್ನು ಹಾಳುಮಾಡಿದ್ದು ಗಾಳಿಯಲ್ಲಿದ್ದ ಓಝೋನ್.

ಇದರ ರಸಾಯನವಿಜ್ಞಾನ ಸ್ವಾರಸ್ಯಕರ. ಇಂಕ್‌ಜೆಟ್‌ನ ನೀಲಿ-ಹಸಿರು ಬಣ್ಣ, ಅಂದರೆ ಸಯಾನ್, ಹೆಚ್ಚಾಗಿ ತಾಮ್ರದ ಥಾಲೊಸಯನೀನ್‌ನಿಂದ ಬರುತ್ತದೆ. ಉಂಗುರದಂಥ ಅಣು, ನಡುವೆ ತಾಮ್ರ. ನಡುವೆ ಮೆಗ್ನೀಸಿಯಂ ಇರುವ ಕ್ಲೋರೊಫಿಲ್‌ನ ದೂರದ ಸಂಬಂಧಿ ಎನ್ನಬಹುದು. ಪುಡಿಯ ರೂಪದಲ್ಲಿ ಇದು ಬಿಸಿಲು-ಮಳೆಗೆ ಜಗ್ಗದ ಬಣ್ಣ; ವಾಹನಗಳ ಪೇಂಟಿನಲ್ಲೂ ಬಳಕೆಯಾಗುತ್ತದೆ. ಇದನ್ನೇ ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದರೆ ಡೈ ಆಗುತ್ತದೆ. ಆಗ ಅಣುಗಳು ಬಿಡಿಬಿಡಿಯಾಗಿ ಕಾಗದದಲ್ಲಿ ಹರಡಿಕೊಳ್ಳುತ್ತವೆ. ಬೇಗ ಆರುವ ಹೊಳಪು ಕಾಗದದ ಲೇಪದಲ್ಲಿ ಸಿಲಿಕಾದಂಥ ಕಣಗಳ ನಡುವೆ ಸೂಕ್ಷ್ಮ ರಂಧ್ರಗಳಿರುತ್ತವೆ. ಗಾಳಿ ಅವುಗಳೊಳಗೆ ಸುಲಭವಾಗಿ ಓಡಾಡುತ್ತದೆ. ಓಝೋನ್ ಅಣುವಿನ ಬಂಧಗಳನ್ನು ಮುರಿದರೆ ಬಣ್ಣ ಹೋಯಿತು. ಸಯಾನ್ ಮಾಯವಾದ ಚಿತ್ರದಲ್ಲಿ ಉಳಿಯುವುದು ಮಜೆಂಟಾ ಮತ್ತು ಹಳದಿ. ಅವೆರಡೂ ಸೇರಿ ಕಿತ್ತಳೆಯಾಗಿ ಕಾಣುತ್ತವೆ.

ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಕರಗಿರುವುದಿಲ್ಲ, ಸುಮಾರು 100 ನ್ಯಾನೊಮೀಟರ್ ಗಾತ್ರದ ಕಣಗಳಾಗಿ ತೇಲುತ್ತಿರುತ್ತದೆ. ಕಣದ ಹೊರಪದರ ಹಾಳಾದರೂ ಒಳಗಿನ ಅಣುಗಳು ಉಳಿಯುತ್ತವೆ. ಕಲ್ಲುಸಕ್ಕರೆಯ ಹರಳಿಗೂ ಕರಗಿದ ಸಕ್ಕರೆಗೂ ಇರುವ ವ್ಯತ್ಯಾಸದಂತೆ ಇದನ್ನು ಊಹಿಸಿಕೊಳ್ಳಿ. ಎಪ್ಸನ್ ಅದೇ ವರ್ಷ ಪಿಗ್ಮೆಂಟ್ ಶಾಯಿಯ ಸ್ಟೈಲಸ್ ಫೋಟೊ 2000ಪಿ ಎಂಬ ಪ್ರಿಂಟರನ್ನೂ ಹೊರತಂದಿತು.

ಎರಡನೆಯ ಘಟನೆ ಇದಕ್ಕೆ ವಿರುದ್ಧ ದಿಕ್ಕಿನದು. ಅಮೆರಿಕದ ವರ್ಮಾಂಟ್ ರಾಜ್ಯದ ಮುದ್ರಣಕಾರ ಜಾನ್ ಕೋನ್ 2000ದಲ್ಲಿ ಪೀಜೊಗ್ರಫಿ ಎಂಬ ಕಪ್ಪು-ಬಿಳುಪು ಶಾಯಿಗಳನ್ನು ಮಾರುಕಟ್ಟೆಗೆ ತಂದರು. ಎಪ್ಸನ್ ಪ್ರಿಂಟರಿಗೆ ಹೊಂದುವ, ಆದರೆ ಎಪ್ಸನ್ನಿನದಲ್ಲದ ಶಾಯಿ ಅದು. ಅದರ ಬಣ್ಣ ಇಂಗಾಲದ ಪಿಗ್ಮೆಂಟ್. ಇಂಗಾಲದ ಬಾಳಿಕೆ ನಮಗೆ ಹೊಸದಲ್ಲ: ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ತುಂಬಿದ ಮಸಿ ಶತಮಾನಗಳ ನಂತರವೂ ಕಪ್ಪಾಗಿಯೇ ಇದೆ. ಬಾಳಿಕೆ ಬಯಸುವ ಛಾಯಾಗ್ರಾಹಕರು ಈ ಹೊರಗಿನ ಶಾಯಿಯನ್ನು ಹುಡುಕಿಕೊಂಡು ಹೋದರು.

ಚಿಪ್, ನ್ಯಾಯಾಲಯ, ಟ್ಯಾಂಕ್

ಹೊರಗಿನ ಶಾಯಿಯನ್ನು ತಡೆಯಲು ಕಾರ್ಟ್ರಿಜ್‌ಗಳಿಗೆ ಚಿಪ್ ಬಂತು. ಟೋನರ್ ಕಾರ್ಟ್ರಿಜ್‌ನ ಚಿಪ್ ಅನ್ನು ನಕಲು ಮಾಡಲಾಗಿದೆ ಎಂದು ಲೆಕ್ಸ್‌ಮಾರ್ಕ್ 2002ರಲ್ಲಿ ಸ್ಟ್ಯಾಟಿಕ್ ಕಂಟ್ರೋಲ್ ಕಂಪೆನಿಯ ಮೇಲೆ ದಾವೆ ಹೂಡಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಲೆಕ್ಸ್‌ಮಾರ್ಕ್‌ಗೆ ಅನುಕೂಲವಾಗಿರಲಿಲ್ಲ. 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮತ್ತೊಂದು ಪ್ರಕರಣದಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್‌ನ ಮೇಲೆ ಪೇಟೆಂಟ್ ಹಕ್ಕು ಚಲಾಯಿಸುವಂತಿಲ್ಲ ಎಂದಿತು. ಕೊಡಾಕ್ 2007ರಲ್ಲಿ ಸೂತ್ರವನ್ನೇ ತಿರುಗಿಸಿ, ಪ್ರಿಂಟರಿಗೆ ಹೆಚ್ಚು, ಪಿಗ್ಮೆಂಟ್ ಶಾಯಿಗೆ ಕಡಿಮೆ ಬೆಲೆ ಇಟ್ಟಿತು. ಅದು ಗೆಲ್ಲಲಿಲ್ಲ, 2012ರಲ್ಲಿ ಮನೆಬಳಕೆಯ ಇಂಕ್‌ಜೆಟ್ ಮಾರಾಟವನ್ನು ಕೈಬಿಡುವುದಾಗಿ ಕೊಡಾಕ್ ಪ್ರಕಟಿಸಿತು.

ಗೆದ್ದದ್ದು ಬಳಕೆದಾರರೇ ತೋರಿಸಿದ ದಾರಿ. ಏಷ್ಯಾದ ಹಲವೆಡೆ ಮೆಕ್ಯಾನಿಕ್‌ಗಳು ಪ್ರಿಂಟರಿನ ಪಕ್ಕದಲ್ಲಿ ಶಾಯಿ ಡಬ್ಬಿಗಳನ್ನಿಟ್ಟು ಕೊಳವೆ ಜೋಡಿಸುತ್ತಿದ್ದರು. 2010ರಲ್ಲಿ ಎಪ್ಸನ್ ತಾನೇ ಅಂಥ ಟ್ಯಾಂಕ್ ಪ್ರಿಂಟರನ್ನು ಇಂಡೊನೇಷ್ಯಾದಲ್ಲಿ ಬಿಡುಗಡೆ ಮಾಡಿತು. ಉಳಿದ ಕಂಪೆನಿಗಳೂ ಹಿಂಬಾಲಿಸಿದವು. ಟ್ಯಾಂಕ್ ಪ್ರಿಂಟರುಗಳಲ್ಲಿ ಕಂಪೆನಿ ಶಾಯಿಗೂ ಹೊರಗಿನ ಶಾಯಿಗೂ ಬೆಲೆಯ ಅಂತರ ಮೊದಲಿಗಿಂತ ಕಿರಿದು.

ಹಾಗಾದರೆ ಆಯ್ಕೆ ಹೇಗೆ?

ಮೊದಲು ಚಿತ್ರದ ಉದ್ದೇಶ ಕೇಳಿಕೊಳ್ಳಿ. ಶಾಲೆಯ ಪ್ರಾಜೆಕ್ಟು, ಭಿತ್ತಿಪತ್ರಿಕೆ, ವರ್ಷದೊಳಗೆ ತೆಗೆದುಹಾಕುವ ಚಿತ್ರಗಳಿಗೆ ಅಗ್ಗದ ಶಾಯಿ ಸಾಕು. ಮನೆತನದ ದಾಖಲೆಯಾಗಿ ಉಳಿಯಬೇಕಾದ ಚಿತ್ರಕ್ಕೆ, ಶಾಯಿ ಡೈಯೋ ಪಿಗ್ಮೆಂಟೋ, ಯಾವ ಕಾಗದದೊಂದಿಗೆ ಬಾಳಿಕೆಯ ಪರೀಕ್ಷೆ ಆಗಿದೆ, ಆ ಪರೀಕ್ಷೆಯಲ್ಲಿ ಬೆಳಕಿನ ಜೊತೆ ಓಝೋನ್ ಕೂಡ ಇತ್ತೇ ಎಂದು ನೋಡಿ. ಇದಕ್ಕೆ ಉತ್ತರ ಕೊಡದ ಶಾಯಿಯನ್ನು, ಯಾವ ಹೆಸರಿನದಾದರೂ, ಅಂಥ ಚಿತ್ರಕ್ಕೆ ಬಳಸಬೇಡಿ. ಹೆಸರೇ ಇಲ್ಲದ ಬಾಟಲಿಗಳ ಮೇಲೆ ಇಂಥ ವಿವರ ಸಿಗುವುದು ಅಪರೂಪ.

ಯಂತ್ರದ ಕಡೆಗೂ ಗಮನವಿರಲಿ. ಪೀಜೊ ತಲೆಯ ಶಾಯಿಯನ್ನು ಬಿಸಿಗುಳ್ಳೆಯ ತಲೆಗೆ ಹಾಕಿದರೆ ರೋಧಕದ ಮೇಲೆ ಕಿಟ್ಟ ಕಟ್ಟಬಹುದು. ಡೈ ಶಾಯಿಯ ಪ್ರಿಂಟರಿಗೆ ಪಿಗ್ಮೆಂಟ್ ತುಂಬಿದರೆ ರಂಧ್ರಗಳು ಮುಚ್ಚಬಹುದು. ಕಾರ್ಟ್ರಿಜ್‌ನ ಜೊತೆಗೇ ತಲೆ ಬದಲಾಗುವ ಪ್ರಿಂಟರಿನಲ್ಲಿ ಇದರ ನಷ್ಟ ಚಿಕ್ಕದು. ತಲೆ ಯಂತ್ರದಲ್ಲೇ ಸ್ಥಿರವಾಗಿದ್ದರೆ ದೊಡ್ಡದು.

ನೀವೇ ಪರೀಕ್ಷಿಸಿ

ಶಿಕ್ಷಕರು ಇದನ್ನು ತರಗತಿಯ ಪ್ರಯೋಗವಾಗಿಸಬಹುದು. ಸಯಾನ್, ಮಜೆಂಟಾ, ಹಳದಿ, ಕಪ್ಪು, ಬೂದು ಬಣ್ಣಗಳ ಚೌಕಗಳಿರುವ ಒಂದೇ ಪುಟವನ್ನು ಒಂದೇ ಬಗೆಯ ಕಾಗದದ ಮೇಲೆ ಎರಡು ಶಾಯಿಗಳಲ್ಲಿ ಮುದ್ರಿಸಿ. ಪ್ರತಿಯೊಂದನ್ನೂ ಮೂರು ಪಟ್ಟಿಗಳಾಗಿ ಕತ್ತರಿಸಿ. ಒಂದನ್ನು ಪುಸ್ತಕದೊಳಗೆ ಮುಚ್ಚಿಡಿ. ಇನ್ನೊಂದನ್ನು ಬಿಸಿಲು ಬೀಳದ, ಗಾಳಿಯಾಡುವ ಕಡೆ ತೂಗುಹಾಕಿ. ಮತ್ತೊಂದನ್ನು ಗಾಜಿನ ಚೌಕಟ್ಟಿನಲ್ಲಿ ಭದ್ರಪಡಿಸಿ ಬಿಸಿಲಿನ ಕಿಟಕಿಯಲ್ಲಿಡಿ. ತಿಂಗಳಿಗೊಮ್ಮೆ ಮೂರನ್ನೂ ಅಕ್ಕಪಕ್ಕ ಇಟ್ಟು ಒಂದೇ ಬೆಳಕಿನಲ್ಲಿ ಹೋಲಿಸಿ, ದಿನಾಂಕದೊಡನೆ ಬರೆದಿಡಿ. ತೂಗುಹಾಕಿದ ಪಟ್ಟಿ ಮಾಸಿದರೆ ಗಾಳಿಯನ್ನೂ, ಕಿಟಕಿಯದು ಮಾಸಿದರೆ ಬೆಳಕನ್ನೂ ಶಂಕಿಸಬಹುದು. ಪುಸ್ತಕದೊಳಗಿನ ಪಟ್ಟಿ ಹೋಲಿಕೆಯ ಅಳತೆಗೋಲು.

ಒಂದು ವರ್ಷದ ಕೊನೆಗೆ ನಿಮ್ಮ ಕೈಯಲ್ಲಿ ನಿಮ್ಮೂರಿನ ಗಾಳಿ, ನಿಮ್ಮೂರಿನ ಬೆಳಕಿಗೆ ಸಂಬಂಧಿಸಿದ ದಾಖಲೆ ಇರುತ್ತದೆ. ಅಲ್ಲಿಯವರೆಗೆ, ಉಳಿಯಬೇಕಾದ ಚಿತ್ರಗಳನ್ನು ಗಾಜಿನ ಹಿಂದೆ ಅಥವಾ ಆಲ್ಬಮ್ಮಿನೊಳಗೆ ಇಡಿ. ಮೂಲ ಕಡತವನ್ನು ಎರಡು ಕಡೆ ಕಾಯ್ದಿಡಿ.