ಬಣ್ಣದ ಪುಟದ ಹಿಂದಿನ ಮರದಚ್ಚು

1879ರಲ್ಲಿ ಲಂಡನ್ನಿನ ಮುದ್ರಕ ಎಡ್ಮಂಡ್ ಇವಾನ್ಸ್, ಅಷ್ಟೇನೂ ಹೆಸರು ಮಾಡಿರದ ಚಿತ್ರಗಾರ್ತಿಯೊಬ್ಬಳ ಮಕ್ಕಳ ಪುಸ್ತಕವನ್ನು ಒಂದೇ ಸಲಕ್ಕೆ 20,000 ಪ್ರತಿ ಅಚ್ಚು ಹಾಕಿಸಿದ. ಬೆಲೆ ಆರು ಷಿಲಿಂಗ್. ಇಷ್ಟನ್ನು ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕ ರೌಟ್ಲೆಜ್‌ಗೆ ಅನುಮಾನ. ಮರುಮುದ್ರಣ ಸಿದ್ಧವಾಗುವ ಮೊದಲೇ ಅಷ್ಟೂ ಮಾರಿಹೋಯಿತು. ಆ ಪುಸ್ತಕ ‘ಅಂಡರ್ ದಿ ವಿಂಡೋ’. ಚಿತ್ರಗಾರ್ತಿ ಕೇಟ್ ಗ್ರೀನವೇ.

ಕೇಟ್ ಇವಾನ್ಸನಿಗೆ ಹೊಸಬಳಲ್ಲ. ಆಕೆಯ ತಂದೆ ಜಾನ್ ಮತ್ತು ಇವಾನ್ಸ್ ಒಂದೇ ಗುರುವಿನ ಬಳಿ ಮರದ ಕೆತ್ತನೆ ಕಲಿತವರು. 1826ರಲ್ಲಿ ಹುಟ್ಟಿದ ಇವಾನ್ಸ್ ಆ ಕೆಲಸಕ್ಕೆ ಸೇರಿದಾಗ ಹದಿನಾಲ್ಕರ ಹುಡುಗ.

ಅದಕ್ಕೂ ಹಿಂದೆ ಮಕ್ಕಳ ಪುಸ್ತಕಗಳಿಗೆ ಕೈಯಿಂದಲೇ ಬಣ್ಣ ತುಂಬುತ್ತಿದ್ದರು. ಮೇಜಿನ ಸುತ್ತ ಕೂತವರು, ಎಷ್ಟೋ ಕಡೆ ಮಕ್ಕಳೇ, ತಲೆಗೊಂದು ಬಣ್ಣ ಹಚ್ಚಿ ಹಾಳೆಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಇವಾನ್ಸ್ ಆ ಕೆಲಸವನ್ನು ಮರಕ್ಕೆ ಒಪ್ಪಿಸಿದ: ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು.

ರ‍್ಯಾಂಡಾಲ್ಫ್ ಕಾಲ್ಡಿಕಾಟನ ಪುಸ್ತಕಗಳಲ್ಲಿ ಈ ಕುಶಲತೆ ಎದ್ದು ಕಾಣುತ್ತದೆ. ಬ್ಯಾಂಕ್ ಗುಮಾಸ್ತನಾಗಿದ್ದ ಕಾಲ್ಡಿಕಾಟ್ ಲೇಖನಿಯಿಂದ ಗೆರೆಚಿತ್ರ ಬರೆದುಕೊಡುತ್ತಿದ್ದ. ಅದರ ಛಾಯಾಚಿತ್ರವನ್ನು ಗಟ್ಟಿ ಮರದ ಮೇಲೆ ಇಳಿಸಿ, ಗೆರೆ ಮಾತ್ರ ಉಬ್ಬಿ ನಿಲ್ಲುವಂತೆ ಉಳಿದ ಭಾಗವನ್ನು ಕೆತ್ತಿ ತೆಗೆಯುತ್ತಿದ್ದರು. ಕಡುಕಂದು ಶಾಯಿಯಲ್ಲಿ ತೆಗೆದ ಕರಡಚ್ಚು ಮತ್ತೆ ಕಾಲ್ಡಿಕಾಟನ ಕೈಗೆ ಬರುತ್ತಿತ್ತು. ಅದಕ್ಕೆ ಅವನು ಬಣ್ಣ ಹಾಕಿ ಕಳಿಸುತ್ತಿದ್ದ. ಅದನ್ನು ನೋಡಿಕೊಂಡು ಮೈಬಣ್ಣ, ಕೆಂಪು, ನೀಲಿ, ಹಳದಿ, ಬೂದು ಬಣ್ಣಗಳಿಗೆ ಬೇರೆಬೇರೆ ಅಚ್ಚು ಕೆತ್ತಬೇಕು. ಒಂದೇ ಹಾಳೆ ಅಷ್ಟೂ ಅಚ್ಚುಗಳ ಕೆಳಗೆ ಹೋಗಿಬರಬೇಕು. ಯಾವುದಾದರೊಂದು ಕೂದಲೆಳೆಯಷ್ಟು ಜರುಗಿದರೂ ಕುದುರೆ ಸವಾರನ ಕೋಟಿನ ಕೆಂಪು ಗೆರೆ ದಾಟಿ ಹೊಲಕ್ಕೆ ಹರಿದುಬಿಡುತ್ತದೆ. ಹಾಗಾಗದಂತೆ ಸಾವಿರಾರು ಪ್ರತಿ ತೆಗೆದದ್ದು ಸಣ್ಣ ಸಾಧನೆಯಲ್ಲ.

ಇವಾನ್ಸನ ಬಳಗದ ಮೊದಲ ದೊಡ್ಡ ಚಿತ್ರಗಾರ ವಾಲ್ಟರ್ ಕ್ರೇನ್. 1865ರಿಂದ ಅವನು ಮಾಡಿದ ಆರು ಪೆನ್ನಿಯ ಪುಸ್ತಕಗಳು ಮಕ್ಕಳ ಕೈಗೆ ಅಗ್ಗದಲ್ಲಿ ಒಳ್ಳೆಯ ಬಣ್ಣ ತಂದವು. ಆದರೆ ಅವನಿಗೆ ದಕ್ಕಿದ್ದು ಒಂದೇ ಸಲದ ಸಂಭಾವನೆ; ಪುಸ್ತಕ ಎಷ್ಟೇ ಖರ್ಚಾದರೂ ಪಾಲಿಲ್ಲ. ಇದು ಅನ್ಯಾಯವೇ. 1878ರಲ್ಲಿ ಶುರು ಮಾಡಿದ ಕಾಲ್ಡಿಕಾಟನಿಗೆ ಮಾರಾಟದಲ್ಲಿ ಪಾಲು ಸಿಕ್ಕಿತು. ವರ್ಷಕ್ಕೆರಡರಂತೆ ಹದಿನಾರು ಪುಸ್ತಕ ಮುಗಿಸಿದ ಅವನು 1886ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತೀರಿಕೊಂಡ. ನಲವತ್ತು ತುಂಬಿರಲಿಲ್ಲ.

1902ರಲ್ಲಿ ಬಿಯಾಟ್ರಿಕ್ಸ್ ಪಾಟರಳ ಪೀಟರ್ ಮೊಲದ ಕಥೆ ಅಚ್ಚಾದದ್ದೂ ಇವಾನ್ಸನ ಅಚ್ಚುಕೂಟದಲ್ಲೇ. ಅಷ್ಟರಲ್ಲಿ ಬಣ್ಣ ಬೇರ್ಪಡಿಸುವ ಕೆಲಸ ಕ್ಯಾಮೆರಾ ಪಾಲಾಗಿತ್ತು. ಮೂರು ವರ್ಷದ ನಂತರ ಇವಾನ್ಸ್ ತೀರಿಕೊಂಡ.

ಕಾಲ್ಡಿಕಾಟನ ಹೆಸರಿನ ಪದಕವನ್ನು ಅಮೆರಿಕದ ಗ್ರಂಥಾಲಯ ಸಂಘ 1938ರಿಂದ ಅತ್ಯುತ್ತಮ ಚಿತ್ರಪುಸ್ತಕಕ್ಕೆ ಕೊಡುತ್ತಿದೆ. ಅವನ ಹಳೆಯ ಪುಸ್ತಕಗಳ ಮೇಲೆ ಕೆತ್ತಿ ಮುದ್ರಿಸಿದವನು ಎಡ್ಮಂಡ್ ಇವಾನ್ಸ್ ಎಂಬ ಸಾಲೂ ಇದೆ. ಮಗುವಿಗೆ ಚಿತ್ರದ ಪುಸ್ತಕ ಓದಿ ಹೇಳುವಾಗ, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರಿನ ಜೊತೆ ಮುದ್ರಕರ ಹೆಸರನ್ನೂ ಒಮ್ಮೆ ಓದಿ ಹೇಳಿ.